ಗಾಂಜಾ ಮೇಜಿನ ಪೌರನೀತಿ

ನೆನಪಿನ ಅರಮನೆಗೆ ಮೂಗೇ ಹೆಬ್ಬಾಗಿಲು ಎಂದು ತಿಳಿದವರು ಹೇಳುತ್ತಾರೆ. ನನ್ನ ಹೆಬ್ಬಾಗಿಲಲ್ಲಿ ಒಂದು ಸ್ಕಂಕ್ ಸತ್ತು ಬಿದ್ದಿದೆ.

ಸ್ಕಂಕ್ ಎಂದರೆ ಬೆಕ್ಕಿನ ಗಾತ್ರದ, ಕಪ್ಪು ಮೈಯ ಮೇಲೆ ಬಿಳಿ ನಾಮ ಎಳೆದುಕೊಂಡ ಪ್ರಾಣಿ. ನೋಡುವುದಕ್ಕೆ ಬಲು ಆಚಾರವಂತ. ಹೆದರಿತೆಂದರೆ ಹಿಂಬದಿಯಿಂದ ಅದು ಚಿಮ್ಮಿಸುವ ನಾತಕ್ಕೆ ಊರೇ ಕಿಟಕಿ ಮುಚ್ಚಿಕೊಳ್ಳಬೇಕು. ಮಿಷಿಗನ್ನಿನ ಹೆದ್ದಾರಿಗಳಲ್ಲಿ ಕಾರಿಗೆ ಸಿಕ್ಕಿ ಸಾಯುವುದು ಅದರ ಕುಲಕಸುಬು. ಹೋದ ತಿಂಗಳು ನಾರ್ತ್‌ವಿಲ್‌ನಲ್ಲಿ ಯಾರದೋ ಗೃಹಪ್ರವೇಶ ಮುಗಿಸಿಕೊಂಡು, ಹೊಟ್ಟೆ ಬಿರಿಯುವಂತೆ ಬಿಸಿಬೇಳೆಬಾತ್ ತಿಂದು ಮನೆಗೆ ಬರುತ್ತಿದ್ದೆವು. ಎಕ್ಸಿಟ್ ತೆಗೆದುಕೊಳ್ಳುವಾಗ ಆ ನಾತ ಬಂತು. ನನ್ನ ಹೆಂಡತಿ ವಸಂತ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನೋಡಿ, ನಿಮ್ಮ ಹಳೇ ಆಫೀಸು ಬಂತು" ಎಂದಳು.

ನಗಬೇಕಾದ ಮಾತು. ನಗು ಬರಲಿಲ್ಲ. ಹಸಿ ಗಾಂಜಾ ಮೊಗ್ಗಿಗೂ ಸ್ಕಂಕಿಗೂ ಒಂದೇ ವಾಸನೆ ಎನ್ನುವುದು ಈ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಆ ವಾಸನೆ ಬಂದಾಗ ನನಗೆ ಶಮೀಮ್ ನೆನಪಾಗುತ್ತಾಳೆ ಎನ್ನುವುದು ವಸಂತಳಿಗೆ ಮಾತ್ರ ಗೊತ್ತು. ಹಾಗಾಗಿ ಅವಳೇ ಕೈ ಚಾಚಿ ಕಾರಿನ ಗಾಳಿಕಿಂಡಿ ಮುಚ್ಚಿದಳು.

ಶಮೀಮ್ ಪರಿಚಯವಾದ ವರ್ಷ ನನಗೆ ಅರವತ್ತು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಜೀವಮಾನವಿಡೀ ಬೇರೆಯವರು ಮಾಡಿದ್ದನ್ನು ಬೆಳಕಿಗೆ ಹಿಡಿದು "ಇದು ಸರಿಯಿಲ್ಲ" ಎನ್ನುವುದೇ ನನ್ನ ಉದ್ಯೋಗ. ಒಂದು ದಿನ ಕಾರ್ಖಾನೆ ನನ್ನನ್ನೇ ಬೆಳಕಿಗೆ ಹಿಡಿದು ನೋಡಿತು. ಕೇಕ್ ಕತ್ತರಿಸಿ, ಚಪ್ಪಾಳೆ ತಟ್ಟಿ, ಕಳಿಸಿಕೊಟ್ಟಿತು. ಮನೆಯಲ್ಲಿ ಕೂತ ನಾನು ವಸಂತಳ ಸಾರಿನಪುಡಿ ಡಬ್ಬಗಳನ್ನು ತಯಾರಿಕೆಯ ತಾರೀಖಿನ ಪ್ರಕಾರ ಜೋಡಿಸಿಟ್ಟೆ. ಹುಣಸೆಹಣ್ಣಿನಲ್ಲಿ ಬೀಜ ಇರುವುದನ್ನು ದೋಷವೆಂದು ದಾಖಲಿಸಿದೆ. "ಎಲ್ಲಾದರೂ ಹೋಗಿ, ಏನಾದರೂ ಮಾಡಿ, ಸಂಬಳ ಕೊಡದೇ ಇದ್ರೂ ಪರವಾಗಿಲ್ಲ" ಎಂದು ವಸಂತ ಕೈಮುಗಿದಳು.

ದಾರಿ ತೋರಿಸಿದವರು ಸರೋಜ ಟೀಚರ್. ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾಗಿ, ಇಲ್ಲಿ ಮಗನ ಮನೆಗೆ ಬಂದು ನೆಲೆಸಿ, ಪೌರತ್ವದ ಪರೀಕ್ಷೆ ಬರೆದು ಅಮೆರಿಕದ ಪ್ರಜೆಯೂ ಆಗಿದ್ದ ಹಿರಿಯರು. ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಹೇಳಿಸುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು.

"ರಾಯರೇ, ನಮ್ಮಲ್ಲಿ ಜನ ಬೇಕಂತೆ" ಎಂದರು.

"ನಮ್ಮಲ್ಲಿ ಅಂದ್ರೆ? ನೀವು ಕೆಲಸಕ್ಕೆ ಹೋಗ್ತೀರಾ ಟೀಚರ್?"

"ಹೂವಿನ ಫ್ಯಾಕ್ಟರಿ. ಕೂತು ಮಾಡೋ ಕೆಲಸ. ಸೊಸೆ ಮುಖ ನೋಡ್ಕೊಂಡು ಎಷ್ಟು ಹೊತ್ತು ಕೂರೋದು ಅಂತ ಸೇರ್ಕೊಂಡೆ."

"ಯಾವ ಹೂವು?"

"ಬನ್ನಿ, ನೋಡೋರಂತೆ."

ಊರಿನಲ್ಲಿ ಗಾಂಜಾ ಎಂದರೆ ಪೊಲೀಸರು ಮೇಜಿನ ಮೇಲೆ ಜೋಡಿಸಿಟ್ಟು, ಹಿಂದೆ ಸಾಲಾಗಿ ನಿಂತು, ಪೇಪರಿಗೆ ಫೋಟೋ ತೆಗೆಸಿಕೊಳ್ಳುವ ವಸ್ತು. ಇಲ್ಲಿ ಅದೇ ಮೇಜಿಗೆ ಕುರ್ಚಿ ಹಾಕಿಕೊಟ್ಟಿದ್ದರು. ಮೊದಲು ಕಾರಿನ ಬಾಗಿಲು ಒತ್ತುತ್ತಿದ್ದ ಕಟ್ಟಡ ಅದು. ಹಿಂದೊಮ್ಮೆ ಅಲ್ಲಿಗೆ ಹೋಗಿ ನಾನು ಒಂದು ಲೋಡು ಬಾಗಿಲನ್ನು ತಿರಸ್ಕರಿಸಿ ಬಂದಿದ್ದೆ. ಈಗ ಕಿಟಕಿಗಳೆಲ್ಲ ಮುಚ್ಚಿ, ಮೂಲೆ ಮೂಲೆಗೂ ಕ್ಯಾಮೆರಾ ಹಾಕಿ, ಮುಂದಿನ ಕೋಣೆಯಲ್ಲಿ ರಾಜ್ಯ ಸರ್ಕಾರದ ಪರವಾನಗಿಗೆ ಚೌಕಟ್ಟು ಕಟ್ಟಿ, ಪಕ್ಕದಲ್ಲಿ ರಾಜ್ಯದ ಬಾವುಟ ನಿಲ್ಲಿಸಿದ್ದರು. ಸಂಬಳದಲ್ಲಿ ತೆರಿಗೆ ಹಿಡಿಯುತ್ತಿದ್ದರು. ಇಷ್ಟು ಕಾನೂನುಬದ್ಧವಾದ ಜಾಗದಲ್ಲಿ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ.

ಮೇಲ್ವಿಚಾರಕನ ಹೆಸರು ಡೇಲ್. ಬೀರುವಿನಂಥ ಆಳು. ತಲೆಗೊಂದು ಬಲೆ, ಗಡ್ಡಕ್ಕೊಂದು ಬಲೆ. ನನಗೊಂದು ಸಣ್ಣ ಕತ್ತರಿ ಕೊಟ್ಟು, ಮೊಗ್ಗಿಗೆ ಎಷ್ಟು ಹತ್ತಿರ ಕತ್ತರಿಸಬೇಕು ಎಂದು ತೋರಿಸಿ, "ಹೇರ್‌ಕಟ್ ಮಾಡಿದ ಹಾಗೆ" ಎಂದ. ನನ್ನ ಬೋಳುತಲೆ ನೋಡಿ ಕ್ಷಮೆಯನ್ನೂ ಕೇಳಿದ.

ಆಗ ಅಕ್ಟೋಬರ್. ಹೊರಗೆ ಮರಗಳೆಲ್ಲ ಕೆಂಪಾಗಿ, ದಿನಾ ಜಿಟಿಜಿಟಿ ಮಳೆ. ಬಯಲಿನಲ್ಲಿ ಬೆಳೆದ ಬೆಳೆಯೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದು ಟ್ರಕ್ಕಿನಲ್ಲಿ ಬಂದಿಳಿಯುತ್ತಿತ್ತು. ಒಣಗಿಸುವ ಮುಂಚೆ ಹಸಿಯಾಗಿಯೇ ಒಮ್ಮೆ ಎಲೆ ತೆಗೆಯಬೇಕು. ದೊಡ್ಡ ಎಲೆಗಳನ್ನು ಕೈಯಲ್ಲೇ ಕಿತ್ತು, ಮೊಗ್ಗಿನ ಸಂದಿಯಿಂದ ಇಣುಕುವ ಸಣ್ಣ ಎಲೆಗಳ ತುದಿಯನ್ನು ಕತ್ತರಿಸುವುದು. ಒಂದು ಗಂಟೆಯಲ್ಲಿ ಕತ್ತರಿಗೆ ಕಪ್ಪು ಮೇಣ ಮೆತ್ತಿ ಬಾಯೇ ಬಿಡದಂತಾಗುತ್ತದೆ. ಹಲಸಿನ ಹಣ್ಣು ಕೊಯ್ದವರಿಗೆ ಗೊತ್ತಿರುವ ಅಂಟು. ಗೊತ್ತಿದ್ದದ್ದರಿಂದಲೇ, ನನ್ನ ಎದುರು ಕೂತಿದ್ದ ಹೆಂಗಸು ಕೈಚೀಲದಿಂದ ಪುಟ್ಟ ಬಾಟಲಿ ತೆಗೆದು, ಕೊಬ್ಬರಿ ಎಣ್ಣೆಯನ್ನು ಕತ್ತರಿಗೆ ಸವರುತ್ತಿದ್ದಳು. ಡೇಲ್ ಓಡಿ ಬಂದ. "ನೋ ಆಯಿಲ್! ಲ್ಯಾಬ್ ಟೆಸ್ಟಲ್ಲಿ ಫೇಲಾಗುತ್ತೆ!"

ಆಕೆ ಬಾಟಲಿ ಒಳಗಿಟ್ಟು, ಅವನು ಹೋದ ಮೇಲೆ ನನ್ನ ಕಡೆ ನೋಡಿ ಅಚ್ಚಗನ್ನಡದಲ್ಲಿ ಹೇಳಿದಳು: "ತಲೆಗೆ ಹಚ್ಚೋ ಎಣ್ಣೆ ವಿಷ ಅಂತೆ, ಸೇದೋ ಸೊಪ್ಪು ಔಷಧಿ ಅಂತೆ. ಒಳ್ಳೇ ದೇಶ ಸಾರ್."

ಅದು ಶಮೀಮ್. ಚನ್ನಪಟ್ಟಣದವಳು. ಗಂಡ ರಫೀಕ್ ಸಾಹೇಬರದು ಮೊಬೈಲ್ ರಿಪೇರಿ ಅಂಗಡಿ. ಹೈಸ್ಕೂಲಿಗೆ ಹೋಗುವ ಮಗನೊಬ್ಬ. ಮಗಳು ಆಯಿಷಾ ಮಾತ್ರ ಅಲ್ಲಿ, ತುಮಕೂರಿನಲ್ಲಿ, ಅತ್ತೆ ಮನೆಯಲ್ಲಿ. ಇವರಿಗೆಲ್ಲ ಇಲ್ಲಿಗೆ ಬರಲು ರಫೀಕರ ಅಣ್ಣ ಅರ್ಜಿ ಹಾಕಿದ್ದರಂತೆ. ಆ ಅರ್ಜಿ ಹಣ್ಣಾಗುವ ಹೊತ್ತಿಗೆ ಮಗಳಿಗೆ ಇಪ್ಪತ್ತೊಂದು ದಾಟಿ, ಆಕೆ ಕಾನೂನಿನ ಪ್ರಕಾರ ಮಗುವಲ್ಲ ಎಂದಾಯಿತು. ಮಗುವಲ್ಲದ ಮಗುವನ್ನು ಅಲ್ಲೇ ಬಿಟ್ಟು, ಅಲ್ಲೇ ಮದುವೆ ಮಾಡಿ, ಉಳಿದವರು ವಿಮಾನ ಹತ್ತಿದ್ದರು.

ಮೇಜಿನಲ್ಲಿ ನಾವು ಮೂವರು: ಸರೋಜ ಟೀಚರ್, ಶಮೀಮ್, ನಾನು. ಬೆಳಗ್ಗೆ ಕತ್ತಲಲ್ಲಿ ಒಳಗೆ ಹೋಗಿ ಸಂಜೆ ಕತ್ತಲಲ್ಲಿ ಹೊರಗೆ ಬರುತ್ತಿದ್ದೆವು. ಮನೆಗೆ ಹೋದರೆ ವಸಂತ ನನ್ನನ್ನು ಗ್ಯಾರೇಜಿನಲ್ಲೇ ತಡೆದು, ಬಟ್ಟೆ ಬಿಚ್ಚಿಸಿ, ಊದುಬತ್ತಿ ಬೆಳಗಿ, ಆಮೇಲೆ ಒಳಗೆ ಬಿಡುತ್ತಿದ್ದಳು. ದೇವರಿಗೂ ಅಷ್ಟು ಊದುಬತ್ತಿ ಹಚ್ಚಿದ್ದು ನಾನು ಕಂಡಿರಲಿಲ್ಲ. ಯಾರಾದರೂ ಕೇಳಿದರೆ "ಪುಷ್ಪೋದ್ಯಮದಲ್ಲಿದ್ದಾರೆ" ಎನ್ನುತ್ತಿದ್ದಳು. ಶಮೀಮ್ ಕೂಡ ಊರಿಗೆಲ್ಲ ಹೇಳಿದ್ದು ಅದೇ: ಹೂವಿನ ಕೆಲಸ. ಅದು ಸುಳ್ಳಲ್ಲ. ಅದು ಹೂವೇ.

ಶಮೀಮ್‌ಗೆ ಆ ಚಳಿಗಾಲದಲ್ಲಿ ಬೇಕಿದ್ದದ್ದು ಒಂದೇ. ಮಗಳ ಹೆರಿಗೆಗೆ ಹೋಗಬೇಕು.

ಆಯಿಷಾಳಿಗೆ ಮೊದಲನೆಯ ಬಸಿರು ಐದನೇ ತಿಂಗಳಲ್ಲಿ ಇಳಿದುಹೋಗಿತ್ತು. ಆಗ ಶಮೀಮ್ ಎದ್ದಂತೆಯೇ ಹೊರಟು ಹೋಗಿ, ಮಗಳ ಪಕ್ಕದಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದಳು. ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಗ್ರೀನ್ ಕಾರ್ಡು ಹಿಡಿದುಕೊಂಡು, "ನೀವು ಇರೋದು ಇಲ್ಲೋ ಅಲ್ಲೋ? ಇನ್ನೊಂದು ಸಲ ಹೀಗೆ ಮಾಡಿದರೆ ಈ ಕಾರ್ಡು ಉಳಿಯೋಲ್ಲ" ಎಂದಿದ್ದ. ಈಗ ಎರಡನೆಯದು. ಫೆಬ್ರವರಿಗೆ ದಿನ ತುಂಬುತ್ತದೆ. ಡಾಕ್ಟರು ಮಂಚದಿಂದ ಇಳಿಯಬೇಡ ಎಂದಿದ್ದಾರೆ. ಮಗಳನ್ನು ಚನ್ನಪಟ್ಟಣದ ತವರಿಗೆ ಕರೆತಂದು, ಹೆರಿಗೆ ಮಾಡಿಸಿ, ಬಾಣಂತನ ಮುಗಿಸಿ, ಮಗುವಿನ ಕತ್ತು ನಿಂತ ಮೇಲೆ ಬರಬೇಕು. ಅಷ್ಟು ದಿನ ಇದ್ದು ಬರಲು ಒಂದೇ ಉಪಾಯ. ಅಮೆರಿಕದ ಪಾಸ್‌ಪೋರ್ಟು. ಪ್ರಜೆಯಾದವಳನ್ನು ಎಷ್ಟು ದಿನ ಎಲ್ಲಿದ್ದೆ ಎಂದು ಯಾರೂ ಕೇಳುವುದಿಲ್ಲ. ಪೌರತ್ವಕ್ಕೆ ಅರ್ಜಿ ಹಾಕಿಯಾಗಿತ್ತು. ಸಂದರ್ಶನ ಡಿಸೆಂಬರಿನಲ್ಲಿ. ಪ್ರಮಾಣವಚನ, ಪಾಸ್‌ಪೋರ್ಟು, ಊರಿಗೆ ಹೋಗುವ ವೀಸಾ ಎಲ್ಲ ಮುಗಿದು ಜನವರಿ ಕೊನೆಗೆ ವಿಮಾನ. ಮನೆಯ ಹಾಲಿನಲ್ಲಿ ಆಗಲೇ ಎರಡು ಸೂಟ್‌ಕೇಸು ಬಾಯಿ ತೆರೆದು ಮಲಗಿದ್ದವು. ಬಾದಾಮಿ, ಒಣ ಖರ್ಜೂರ, ಮಗುವಿನ ಕಂಬಳಿ, ಕುಂಚಿಗೆ, ಒಂದು ಬ್ಯಾಟರಿಯ ತೊಟ್ಟಿಲ ಗಿಲಕಿ.

"ಚನ್ನಪಟ್ಟಣಕ್ಕೆ ಇಲ್ಲಿಂದ ಗಿಲಕಿ ತಗೊಂಡು ಹೋಗ್ತೀರಲ್ಲಮ್ಮ!" ಎಂದೆ. "ಮರದ ಆಟಿಕೆ ಮಾಡೋ ಊರಿಗೆ!"

"ನಮ್ಮಪ್ಪ ಮಾಡಿದ ಗಿಲಕಿ ಆಡ್ಕೊಂಡೇ ನಾನು ಬೆಳೆದಿದ್ದು ಸಾರ್. ಆದ್ರೆ ಅಮೆರಿಕಾ ನಾನಿ ತಂದಿದ್ದು ಅಂದ್ರೆ ಬ್ಯಾಟರಿ ಇರಬೇಕಲ್ವಾ? ಇಲ್ದಿದ್ರೆ ಬೀಗರು ಏನಂತಾರೆ?"

ಸಂದರ್ಶನ ಎಂದ ಕೂಡಲೇ ಸರೋಜ ಟೀಚರ್ ಒಳಗೆ ನಿದ್ದೆ ಹೋಗಿದ್ದ ಕೃಷ್ಣರಾಜನಗರದ ಹೈಸ್ಕೂಲು ಎದ್ದು ಕೂತಿತು. ಪೌರತ್ವದ ಪರೀಕ್ಷೆಗೆ ನೂರು ಪ್ರಶ್ನೆಗಳಿದ್ದವು. ಅದರಲ್ಲಿ ಕೆಲವನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ. ಟೀಚರಿಗೆ ಆ ನೂರೂ ಕಂಠಪಾಠ. ಅಂದಿನಿಂದ ನಮ್ಮ ಮೇಜು ತರಗತಿಯಾಯಿತು. ಕೈ ಮೊಗ್ಗಿನ ಮೇಲೆ, ಬಾಯಿ ಸಂವಿಧಾನದ ಮೇಲೆ. ಭೂಮಂಡಲದಲ್ಲಿ ಪೌರನೀತಿಯನ್ನು ಗಾಂಜಾ ರಾಶಿಯ ಮುಂದೆ ಕೂತು ಕಲಿತ ವಿದ್ಯಾರ್ಥಿನಿ ಬೇರೊಬ್ಬಳು ಇರಲಾರಳು.

"ಈ ನೆಲದ ಪರಮೋಚ್ಚ ಕಾನೂನು ಯಾವುದು?" ಟೀಚರ್ ಇಂಗ್ಲಿಷಿನಲ್ಲಿ ಕೇಳುವರು.

"ಕಾನ್ಸ್ಟಿಟ್ಯೂಷನ್, ಮಿಸ್."

"ಏನದು ಒಂದೇ ಪದ? ಒಂದು ಪದಕ್ಕೆ ಅರ್ಧ ಮಾರ್ಕು. ಪೂರ್ಣ ವಾಕ್ಯದಲ್ಲಿ ಉತ್ತರಿಸಿ."

"ದ ಸುಪ್ರೀಂ ಲಾ ಆಫ್ ದ ಲ್ಯಾಂಡ್ ಈಸ್ ದ ಕಾನ್ಸ್ಟಿಟ್ಯೂಷನ್, ಮಿಸ್."

"ಮಿಸ್ ಅನ್ನೋದು ಬೇಡ. ಅಲ್ಲಿ ಗಂಡಸಿದ್ರೆ?"

"ಗಂಡಸಿದ್ರೆ ಮಿಸ್ ಅಂತೀನಾ ಮಿಸ್?"

ನಾನು ನಕ್ಕರೆ ಟೀಚರ್ ಕತ್ತರಿ ಎತ್ತಿ ನನ್ನ ಕಡೆ ತೋರಿಸುವರು. "ರಾಯರೇ, ಹಿಂದಿನ ಬೆಂಚು! ಗಲಾಟೆ ಮಾಡೋದಾದ್ರೆ ಹೊರಗೆ ಹೋಗಿ."

ಡೇಲ್‌ಗೂ ಇದು ಇಷ್ಟವಾಯಿತು. ಆಗಾಗ ಬಂದು ನಿಂತು, ಟೀಚರ್ ಕೇಳಿದ ಪ್ರಶ್ನೆಗೆ ತಾನೂ ಉತ್ತರ ಹೇಳಿ, ತಪ್ಪಾಗಿ, ಗಡ್ಡದ ಬಲೆ ಕೆರೆದುಕೊಂಡು ಹೋಗುತ್ತಿದ್ದ. ಹುಟ್ಟಾ ಪ್ರಜೆಗೆ ಇದೆಲ್ಲ ಗೊತ್ತಿರಬೇಕೆಂದಿಲ್ಲ.

ನೂರು ಪ್ರಶ್ನೆ ಮುಗಿಯುವ ಹೊತ್ತಿಗೆ ನವೆಂಬರ್. ಮೊದಲ ಹಿಮ ಬಿತ್ತು. ಹಸಿ ಮೊಗ್ಗಿನ ಕಾಲ ಮುಗಿದು, ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಮೊಗ್ಗು ಮೇಜಿಗೆ ಬರತೊಡಗಿತು. ಅದರ ರೀತಿಯೇ ಬೇರೆ. ಹಸಿಯಲ್ಲಿ ಎಲೆ ಎದ್ದು ನಿಂತಿರುತ್ತದೆ, ಕತ್ತರಿಗೆ ತಾನಾಗಿ ಸಿಗುತ್ತದೆ. ಒಣಗಿದ ಮೇಲೆ ಎಲೆ ಒಳಕ್ಕೆ ಸುರುಟಿ ಮೊಗ್ಗನ್ನೇ ಅವುಚಿಕೊಂಡಿರುತ್ತದೆ. ಬಿಡಿಸಲು ಹೋದರೆ ಪುಡಿ, ಬಿಟ್ಟರೆ ಡೇಲ್ ಬೈಯುತ್ತಾನೆ. ಮಾತು ಕಡಿಮೆಯಾಗಬೇಕಾದ ಕೆಲಸ. ಟೀಚರ್ ಮಾತ್ರ ಬಿಡಲಿಲ್ಲ. ಪರೀಕ್ಷೆಯ ಪ್ರಶ್ನೆ ಮುಗಿದರೆ ಸಾಲದು, ಅಧಿಕಾರಿ ಕುಶಲ ವಿಚಾರಿಸುತ್ತಾರೆ, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅದರಲ್ಲೇ ನೋಡುತ್ತಾರೆ, ಅದಕ್ಕೂ ತಯಾರಿ ಬೇಕು ಎಂದರು.

"ನಿಮ್ಮ ಉದ್ಯೋಗ ಏನು?"

"ಟ್ರಿಮ್ಮರ್."

"ಮತ್ತೆ ಒಂದು ಪದ! ಟ್ರಿಮ್ಮರ್ ಅಂದ್ರೆ ಕ್ಷೌರದ ಮಿಷನ್ನೂ ಆಗಬಹುದು. ವಿವರಿಸಿ."

ಮೂರು ದಿನದಲ್ಲಿ ಆ ಉತ್ತರ ತಯಾರಾಯಿತು. ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ, ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂಬುದರ ಸಮೇತ: "ಸರ್, ನಾನು ಟ್ರಿಮ್ಮರ್ ಆಗಿದ್ದೇನೆ. ಕ್ಯಾನಬಿಸ್ ಹೂವನ್ನು ಒಣಗಿಸುವ ಮೊದಲು ಮತ್ತು ಒಣಗಿಸಿದ ನಂತರ ಅದರ ಎಲೆಗಳನ್ನು ಶ್ರದ್ಧೆಯಿಂದ, ಶುಚಿಯಾಗಿ, ಕೈಯಿಂದ ಕತ್ತರಿಸುತ್ತೇನೆ." ಶಮೀಮ್ ಅದನ್ನು ಶಾಲೆಯ ಹುಡುಗಿ ಪದ್ಯ ಒಪ್ಪಿಸುವಂತೆ ಒಪ್ಪಿಸುತ್ತಿದ್ದಳು. ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್; ನನಗೂ ಅದರಲ್ಲಿ ದೋಷ ಕಾಣಲಿಲ್ಲ. ಡೇಲ್ ಅದನ್ನು ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡ.

ಡಿಸೆಂಬರಿನ ಆ ದಿನ ರಫೀಕ್ ಸಾಹೇಬರಿಗೆ ಅಂಗಡಿ ಬಿಡುವ ಹಾಗಿರಲಿಲ್ಲ. ನಾನು ಡ್ರೈವ್ ಮಾಡಿದೆ. ಟೀಚರ್ ರಜ ಹಾಕಿ, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಮುಂದೆ ಕೂತರು. ಶಿಷ್ಯೆಯ ಪಬ್ಲಿಕ್ ಪರೀಕ್ಷೆಗೆ ತಾವಿಲ್ಲದಿದ್ದರೆ ಹೇಗೆ. ಹಿಂದೆ ಶಮೀಮ್, ಹೊಸ ಹಿಜಾಬಿನಲ್ಲಿ, ತುಟಿ ಅಲ್ಲಾಡಿಸುತ್ತಾ. ಡೆಟ್ರಾಯಿಟ್ ತನಕ ಹಿಮ ರಸ್ತೆಗೆ ಎರಚಿದ ಉಪ್ಪಿನೊಂದಿಗೆ ಕಲಸಿ ಕಪ್ಪು ಗಂಜಿಯಾಗಿತ್ತು. ವಲಸೆ ಕಚೇರಿಯ ಮುಂದೆ ಇಳಿಸಿ, ಎದುರಿನ ಕಾಫಿ ಅಂಗಡಿಯಲ್ಲಿ ನಾವಿಬ್ಬರೂ ಕೂತೆವು.

"ಫಸ್ಟ್ ಕ್ಲಾಸ್ ಬರ್ತಾಳೆ ನೋಡ್ತಾ ಇರಿ" ಎಂದರು ಟೀಚರ್.

"ಇದರಲ್ಲಿ ಕ್ಲಾಸ್ ಇಲ್ಲ ಟೀಚರ್. ಪಾಸು ಅಥವಾ ಫೇಲು."

"ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರೋಲ್ವಾ ರಾಯರೇ?"

ಶಮೀಮ್ ರಸ್ತೆ ದಾಟಿ ಬಂದಾಗ ಹಿಜಾಬಿನ ಮೇಲೆ ಹಿಮ ಇತ್ತು, ಒರೆಸಿಕೊಂಡಿರಲಿಲ್ಲ. ಕುರ್ಚಿ ಎಳೆದು ಕೂತಳು.

"ಎಲ್ಲಾ ಕರೆಕ್ಟ್ ಹೇಳ್ದೆ ಮಿಸ್" ಎಂದಳು. "ಕೇಳಿದ್ದಕ್ಕೆಲ್ಲಾ. ಒಂದೂ ತಪ್ಪಿಲ್ಲ. ಅವರೇ ವೆರಿ ಗುಡ್ ಅಂದ್ರು."

"ಮತ್ತೆ?"

"ಕೆಲಸ ಏನು ಅಂತ ಕೇಳಿದ್ರು. ಹೇಳ್ದೆ. ನೀವು ಹೇಳ್ಕೊಟ್ಟ ಹಾಗೇ. ಆಮೇಲೆ ಅವರು ಪೆನ್ ಕೆಳಗಿಟ್ರು."

ಆ ಅಧಿಕಾರಿ ಒರಟನಲ್ಲವಂತೆ. ನೀರು ಬೇಕಾ ಎಂದು ಕೇಳಿದನಂತೆ. ಕ್ಯಾನಬಿಸ್ ಎಂದರೆ ಮರಿವಾನಾ ತಾನೇ ಎಂದ. ಹೌದು ಸರ್, ಎಂದಳು. ರಾಜ್ಯದಲ್ಲಿ ಕಾನೂನು ಇದೆ, ನಾವು ತೆರಿಗೆ ಕಟ್ಟುತ್ತೇವೆ, ಅದನ್ನೂ ಪೂರ್ಣ ವಾಕ್ಯದಲ್ಲಿ ಹೇಳಿದಳು. ರಾಜ್ಯದಲ್ಲಿ ಇರಬಹುದು, ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಇವತ್ತಿಗೂ ಅಪರಾಧ, ಪೌರತ್ವ ಕೊಡುವುದು ಕೇಂದ್ರ ಸರ್ಕಾರ ಎಂದ. ಯಾವಾಗಿನಿಂದ, ವಾರಕ್ಕೆ ಎಷ್ಟು ದಿನ, ಕೈಯಲ್ಲಿ ಮುಟ್ಟುತ್ತೀರಾ ಎಂದೆಲ್ಲ ಕೇಳಿ ಬರೆದುಕೊಂಡ. ಕೊನೆಗೆ, ನಿರ್ಧಾರ ಅಂಚೆಯಲ್ಲಿ ಬರುತ್ತದೆ ಎಂದ. ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನಾನು ಗಾಂಜಾ ಮಾರೋಳಲ್ಲ ಸಾರ್" ಎಂದಳು ನನ್ನ ಕಡೆ ತಿರುಗಿ. "ಒಂದು ದಿನಾನೂ ಸೇದಿದೋಳಲ್ಲ. ಎಲೆ ತೆಗೆಯೋಳು."

ಟೀಚರ್ ತಮ್ಮ ಕಾಫಿಯನ್ನು ಶಮೀಮ್ ಮುಂದೆ ಸರಿಸಿದರು. ಅದು ತಣ್ಣಗಾಗಿತ್ತು.

ಓಕ್ ಬ್ರೂಕ್‌ನಲ್ಲಿ ನನ್ನ ಹಳೆಯ ಗೆಳೆಯನ ಮಗಳು ಶ್ರಾವ್ಯ ವಲಸೆ ಕಾನೂನಿನ ವಕೀಲೆ. ಅವತ್ತೇ ಸಂಜೆ ಶಮೀಮ್ ಮನೆಯಲ್ಲಿ ಎಲ್ಲರೂ ಕೂತು ಫೋನ್ ಮಾಡಿದೆವು. ಇಲ್ಲೇ ಹುಟ್ಟಿದ ಹುಡುಗಿ. ಅರ್ಧ ಕನ್ನಡ, ಅರ್ಧ ನಿಟ್ಟುಸಿರು.

"ಅಂಕಲ್, ಐ ಆಮ್ ಸೋ ಸಾರಿ. ಯಾಕೆ ಯಾರೂ ಮೊದಲೇ ಲಾಯರ್ ಹತ್ರ ಕೇಳ್ಲಿಲ್ಲ? ಇದು ಡಿನೈ ಆಗುತ್ತೆ."

"ಈಗ್ಲೇ ಕೆಲಸ ಬಿಟ್ರೆ?"

"ಬಿಡಬೇಕು. ಬಟ್ ಮಾಡಿದ್ದು ಮಾಡಿದ್ದೇ, ಅಂಕಲ್. ಇನ್ನೆಷ್ಟೋ ವರ್ಷ ಆದ್ಮೇಲೆ ಮತ್ತೆ ಅಪ್ಲೈ ಮಾಡಬಹುದು."

ಟೀಚರ್ ಮುಂದೆ ಬಾಗಿ ಕೇಳಿದರು: "ನಾನು ಆ ವಾಕ್ಯ ಹೇಳಿಕೊಡದೇ ಇದ್ದಿದ್ರೆ?"

"ಆಂಟಿ, ಅರ್ಜಿಯಲ್ಲೇ ಕಂಪನಿ ಹೆಸರು ಇದೆ. ಇಂಟರ್‌ವ್ಯೂನಲ್ಲಿ ಹೇಳದೇ ಇದ್ರೆ ಸುಳ್ಳು ಹೇಳಿದ ಹಾಗೆ, ಅದು ಇನ್ನೂ ವರ್ಸ್."

"ಅಂದ್ರೆ ಹೇಳಿದ್ರೂ ತಪ್ಪು, ಹೇಳದಿದ್ರೂ ತಪ್ಪು. ಸರಿ ಉತ್ತರವೇ ಇಲ್ಲದ ಪ್ರಶ್ನೆ ಕೇಳೋದು ಯಾವ ಬೋರ್ಡಮ್ಮ?"

ಶಮೀಮ್ ಎದ್ದು ಫೋನಿನ ಹತ್ತಿರ ಬಂದಳು.

"ಪೌರತ್ವ ಬೇಡಮ್ಮ. ಹೋಗ್ಲಿ. ಗ್ರೀನ್ ಕಾರ್ಡ್ ಇದೆಯಲ್ಲ, ಅದರಲ್ಲೇ ಹೋಗ್ತೀನಿ. ಒಂದೇ ತಿಂಗಳು. ಹೆರಿಗೆ ಮಾಡಿಸಿ ಬಂದುಬಿಡ್ತೀನಿ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಬಂತು.

"ಆಂಟಿ, ದಯವಿಟ್ಟು ದೇಶ ಬಿಟ್ಟು ಹೋಗಬೇಡಿ. ನೀವು ಹೇಳಿದ್ದೆಲ್ಲಾ ಈಗ ರೆಕಾರ್ಡಲ್ಲಿದೆ. ವಾಪಸ್ ಬರುವಾಗ ಏರ್‌ಪೋರ್ಟಲ್ಲಿ ನಿಲ್ಲಿಸಬಹುದು. ಕಾರ್ಡೇ ಹೋಗಬಹುದು. ಹೋಗೋದು ಈಸಿ. ಬರೋದಕ್ಕೆ ನಾನು ಗ್ಯಾರಂಟಿ ಕೊಡೋಲ್ಲ."

ಹೈಸ್ಕೂಲಿನ ಮಗ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಶಮೀಮ್ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಬಾಯಿ ತೆರೆದ ಸೂಟ್‌ಕೇಸುಗಳನ್ನು ನೋಡಿದಳು. ರಫೀಕ್ ಸಾಹೇಬರು ಎದ್ದು ಹೋಗಿ, ಯಾರಿಗೂ ಬೇಡದಿದ್ದರೂ, ಚಹಾ ಮಾಡಲು ನೀರಿಟ್ಟರು.

ಡೇಲ್‌ಗೆ ವಿಷಯ ಹೇಳಿದಾಗ ಅವನು ನಂಬಲಿಲ್ಲ. ನಮ್ಮಿಬ್ಬರನ್ನೂ ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಪರವಾನಗಿ ತೋರಿಸಿದ. "ಲುಕ್! ರಾಜ್ಯ ಸರ್ಕಾರದ ಮುದ್ರೆ ಇದೆ!" ಎಂದ. ಬಾವುಟವನ್ನೂ ತೋರಿಸಿದ. ಆಮೇಲೆ ಬಾವುಟದ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಗಡ್ಡದ ಬಲೆ ತೆಗೆದ. ಬಲೆಯಿಲ್ಲದೆ ಅವನು ಇನ್ನೂ ಚಿಕ್ಕ ಹುಡುಗ ಎಂದು ಆಗ ಗೊತ್ತಾಯಿತು.

ಶಮೀಮ್ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ರೊಮೇನಿಯಾದ ಒಬ್ಬ ಮುದುಕಿ ಬಂದಳು, ಪಾಪ, ಒಳ್ಳೆಯವಳು. ನಾನು ಅವಳಿಗೆ ಮೊದಲ ದಿನವೇ ಕೇಳಿದೆ, ನೀವು ಇಲ್ಲಿನ ಪ್ರಜೆಯೇ ಎಂದು. ಅವಳು ನನ್ನನ್ನು ಪೊಲೀಸನೆಂದು ತಿಳಿದು ವಾರವಿಡೀ ಮಾತಾಡಲಿಲ್ಲ. ಟೀಚರ್ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಭಾನುವಾರದ ಶಾಲೆಯಲ್ಲೂ, ಮಕ್ಕಳು ಒಂದೇ ಪದದಲ್ಲಿ ಉತ್ತರಿಸಿದರೆ, ಸಾಕು ಎನ್ನುತ್ತಿದ್ದರಂತೆ.

ಜನವರಿಯ ಕೊನೆಗೆ ಟೀಚರೂ ನಾನೂ ಶಮೀಮಳನ್ನು ನೋಡಲು ಹೋದೆವು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಸೂಟ್‌ಕೇಸುಗಳಲ್ಲಿ ಒಂದು ಇರಲಿಲ್ಲ. ನಾರ್ತ್‌ವಿಲ್‌ನ ಯಾರೋ ಬೆಂಗಳೂರಿಗೆ ಹೊರಟವರು ಇಪ್ಪತ್ತು ಪೌಂಡು ಮಾತ್ರ ತೆಗೆದುಕೊಳ್ಳುತ್ತೇನೆ ಎಂದಿದ್ದರಂತೆ; ಕಂಬಳಿ, ಕುಂಚಿಗೆ, ಗಿಲಕಿ ಹೋಗಿದ್ದವು. ಬಾದಾಮಿ ಇಲ್ಲೇ ಉಳಿದಿತ್ತು. ಅದನ್ನೇ ತಟ್ಟೆಗೆ ಹಾಕಿ ನಮ್ಮ ಮುಂದಿಟ್ಟಳು. ತಿನ್ನಲು ಕೈ ಬರಲಿಲ್ಲ.

ಅಷ್ಟರಲ್ಲಿ ವಿಡಿಯೋ ಕರೆ ಬಂತು. ತುಮಕೂರಿನಲ್ಲಿ ಬೆಳಗಾಗಿತ್ತು. ಆಯಿಷಾ ದಿಂಬಿಗೆ ಒರಗಿದ್ದಳು. ಊದಿದ ಮುಖ. ಅವರ ಮನೆಮಾತು ಉರ್ದು; ನಾವು ಕೂತಿರುವುದನ್ನು ಕಂಡು ಕನ್ನಡಕ್ಕೆ ತಿರುಗಿದಳು, ಚೆನ್ನಾಗಿದ್ದೀರಾ ಆಂಟಿ, ಚೆನ್ನಾಗಿದ್ದೀರಾ ಅಂಕಲ್ ಎಂದಳು. ಆಮೇಲೆ, "ಅಮ್ಮಿ, ಟಿಕೆಟ್ ಆಯ್ತಾ?"

"ಇಲ್ಲ ಮಗಳೇ. ರಜ ಸಿಗ್ತಾ ಇಲ್ಲ."

ಬಿಟ್ಟು ತಿಂಗಳಾಗಿದ್ದ ಕೆಲಸದಿಂದ ರಜ ಸಿಗುತ್ತಿರಲಿಲ್ಲ. ಬೇರೆ ಏನು ಹೇಳಬೇಕಿತ್ತು? ಕಾರಣ ಹೇಳಿದರೆ ಗಾಂಜಾ ಎನ್ನಬೇಕು. ಆ ಕೋಣೆಯಲ್ಲಿ ಆಯಿಷಾಳ ಅತ್ತೆ ಇದ್ದರು, ನಾದಿನಿ ಇದ್ದಳು, ಹಿಂದೆ ಅಳಿಯ ಶರ್ಟಿಗೆ ಇಸ್ತ್ರಿ ಮಾಡುವುದು ಕಾಣುತ್ತಿತ್ತು. ಅಮೆರಿಕದಲ್ಲಿ ಬೀಗಿತ್ತಿ ಗಾಂಜಾ ಕೆಲಸ ಮಾಡಿ ಸರ್ಕಾರಕ್ಕೆ ಸಿಕ್ಕಿಬಿದ್ದಳು ಎಂಬ ಮಾತು ಆ ಮನೆಯಲ್ಲಿ ಒಮ್ಮೆ ಹುಟ್ಟಿತೆಂದರೆ, ಹುಟ್ಟುವ ಮಗುವಿನ ಜೊತೆಯಲ್ಲೇ ಬೆಳೆಯುತ್ತದೆ. ಸರ್ಕಾರಕ್ಕೆ ಪೂರ್ಣ ವಾಕ್ಯದಲ್ಲಿ ಹೇಳಿದ್ದನ್ನು ಮಗಳಿಗೆ ಅರ್ಧ ಪದದಲ್ಲೂ ಹೇಳುವ ಹಾಗಿರಲಿಲ್ಲ.

"ಹೂ ಕತ್ತರಿಸೋ ಕೆಲಸಕ್ಕೆ ರಜ ಇಲ್ವಾ ಅಮ್ಮಿ?" ಎಂದಳು ಆಯಿಷಾ. ಜಗಳದ ದನಿಯಲ್ಲ. ನಿಜವಾಗಿ ಕೇಳಿದಳು. "ನಾನು ಒಬ್ಬಳೇ ಹೇಗೆ...ನನಗೆ ಭಯ ಆಗುತ್ತೆ. ಹದಿನೈದು ದಿನ ಬಾ. ಒಂದು ವಾರ ಬಾ. ಹೂವು ಬೇರೆ ಯಾರಾದ್ರೂ ಕತ್ತರಿಸ್ತಾರೆ."

ಶಮೀಮ್ ತುಟಿ ಅಲ್ಲಾಡಿತು. ಡೆಟ್ರಾಯಿಟ್‌ಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅಲ್ಲಾಡಿದಂತೆಯೇ. ಈ ಸಲ ಪಾಠ ಇರಲಿಲ್ಲ. ಟೀಚರ್ ಅವಳ ಕೈ ಹಿಡಿದುಕೊಂಡರು.

ಹಿಂದಿನಿಂದ ಅತ್ತೆಯ ದನಿ, ಬಹಳ ಮರ್ಯಾದೆಯಿಂದ: "ಬಿಡಮ್ಮಾ ಆಯಿಷಾ, ಅವರಿಗೆ ಅಲ್ಲಿ ಡಾಲರ್ ಕೆಲಸ ಇರುತ್ತೆ. ನಾವಿಲ್ವಾ?"

ಆಯಿಷಾ ಒಂದು ಗಳಿಗೆ ಪರದೆಯಲ್ಲಿ ತಾಯಿಯನ್ನೇ ನೋಡಿದಳು. "ಆಯ್ತು ಅಮ್ಮಿ. ನೀನು ಕೆಲಸ ನೋಡ್ಕೋ" ಎಂದು ಫೋನ್ ಇಟ್ಟಳು.

ಹೊರಗೆ ಬಂದು ಕಾರು ಹತ್ತಿದ ಮೇಲೂ ಟೀಚರ್ ಬೆಲ್ಟು ಹಾಕಿಕೊಳ್ಳಲಿಲ್ಲ. "ರಾಯರೇ, ನಾನು ಊರಿಗೆ ಹೋದಾಗ ತುಮಕೂರಿಗೆ ಹೋಗಿ ಆ ಹುಡುಗಿಗೆ ಎಲ್ಲ ಹೇಳಿಬಿಡಲಾ?" ಎಂದರು. ನಾನು ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದೆ. ಅತ್ತೆ ಮನೆಯಲ್ಲಿ ಹೇಳುತ್ತೀರಾ ಎಂದೆ. ಟೀಚರ್ ಬೆಲ್ಟು ಹಾಕಿಕೊಂಡರು.

ನಾನು ಎಂದೋ ಪ್ರಜೆಯಾದವನು, ಹೆದರಬೇಕಾದ್ದಿರಲಿಲ್ಲ; ಆದರೂ ಚಳಿ ಇಳಿಯುವ ಮೊದಲೇ ನಾನೂ ಆ ಕೆಲಸ ಬಿಟ್ಟೆ. ತತ್ವಕ್ಕಾಗಿ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ಆದರೆ ಬಿಟ್ಟದ್ದು ಸೊಂಟನೋವಿಗೆ. ವಸಂತ ಗ್ಯಾರೇಜಿನಿಂದ ಊದುಬತ್ತಿ ಸ್ಟ್ಯಾಂಡ್ ತೆಗೆದು ಮತ್ತೆ ದೇವರ ಮುಂದಿಟ್ಟಳು.

ಫೆಬ್ರವರಿಯಲ್ಲಿ ಆಯಿಷಾಳಿಗೆ ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದರು. ಗಂಡು ಮಗು. ಬಾಣಂತನ ಅತ್ತೆ ಮಾಡಿದರು. ಪೌರತ್ವದ ಅರ್ಜಿ ತಿರಸ್ಕೃತವಾಗಿದೆ ಎಂಬ ಪತ್ರ ಮಾರ್ಚಿನಲ್ಲಿ ಬಂತು. ಅಷ್ಟು ಹೊತ್ತಿಗೆ ಆಯಿಷಾ ತಾಯಿಯ ಫೋನ್ ತೆಗೆಯುವುದನ್ನು ಬಿಟ್ಟಿದ್ದಳು. ಮಗುವಿಗೆ ಏನು ಹೆಸರಿಟ್ಟರು ಎನ್ನುವುದು ಶಮೀಮ್‌ಗೆ ಅಳಿಯನ ತಂಗಿಯ ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾಯಿತು.